ಲಿಫ್ಟಿನಿಂದ ರಾಕೆಟ್ಟಿನವರೆಗೆ: ವೇಗದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಶಾಲೆಗಳಲ್ಲಿ ಮಕ್ಕಳ ಜೊತೆ ವಿಜ್ಞಾನ ಮಾತಾಡಲು ಹೋಗುತ್ತಿರುತ್ತೇನೆ. ಅಲ್ಲಿ ಬರುವ ಪ್ರಶ್ನೆಗಳಲ್ಲಿ ಅರ್ಧ ವೇಗದ್ದೇ. ಪತ್ರ ಬರೆಯುವ ಹಿರಿಯರೂ ಕೊನೆಗೆ ಅಲ್ಲಿಗೇ ಬರುತ್ತಾರೆ. ಮಾತು ಲಿಫ್ಟಿನಿಂದ ಶುರುವಾಗಿ ಚಂದ್ರಯಾನಕ್ಕೆ ಹೋಗಿ ನಿಲ್ಲುತ್ತದೆ. ಮತ್ತೆ ಮತ್ತೆ ಕೇಳಿದ್ದನ್ನು ಇಲ್ಲಿ ಸೇರಿಸಿದ್ದೇನೆ. ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ.

## ಮನೆಯ ಲಿಫ್ಟಿನಿಂದ ಶುರು

ನಮ್ಮ ಅಪಾರ್ಟ್‌ಮೆಂಟ್ ಲಿಫ್ಟ್ ಎಷ್ಟು ಸ್ಪೀಡಲ್ಲಿ ಹೋಗುತ್ತೆ?

ನಾಲ್ಕೈದು ಮಹಡಿಯ ಕಟ್ಟಡವಾದರೆ ಸೆಕೆಂಡಿಗೆ 0.7ರಿಂದ 1 ಮೀಟರ್. ಹತ್ತು ಹದಿನೈದು ಮಹಡಿ ಇದ್ದರೆ 1.5 ಮೀಟರ್, ಅಥವಾ ಅದಕ್ಕಿಂತ ಸ್ವಲ್ಪ ಜಾಸ್ತಿ. ಸೆಕೆಂಡಿಗೆ 1 ಮೀಟರ್ ಅಂದರೆ ಗಂಟೆಗೆ 3.6 ಕಿ.ಮೀ. ಬೆಳಗಿನ ವಾಕಿಂಗ್‌ನಲ್ಲಿ ನೀವು ಇದಕ್ಕಿಂತ ಜೋರಾಗಿ ನಡೆಯುತ್ತೀರಿ.

ನೀವೇ ಅಳೆದು ನೋಡಬಹುದು. ಒಂದು ಮಹಡಿಗೆ ಸುಮಾರು 3 ಮೀಟರ್ ಎತ್ತರ. ತಳದಿಂದ ಏಳನೇ ಮಹಡಿಗೆ ಹೊರಡಿ. ಒಳಗಿನ ಅಂಕಿ 2 ಆದಾಗ ಮೊಬೈಲಿನ ಸ್ಟಾಪ್‌ವಾಚ್ ಒತ್ತಿ, 6 ಆದಾಗ ನಿಲ್ಲಿಸಿ. 12 ಮೀಟರನ್ನು ಆ ಸೆಕೆಂಡುಗಳಿಂದ ಭಾಗಿಸಿದರೆ ಆಯಿತು. ಹೊರಡುವಾಗಿನ, ನಿಲ್ಲುವಾಗಿನ ಮಹಡಿಗಳನ್ನು ಲೆಕ್ಕಕ್ಕೆ ಸೇರಿಸಬೇಡಿ. ಅಲ್ಲಿ ವೇಗ ಇನ್ನೂ ಏರುತ್ತಿರುತ್ತದೆ, ಇಲ್ಲವೇ ಇಳಿಯುತ್ತಿರುತ್ತದೆ.

ನ್ಯೂಯಾರ್ಕಿನ ಹಾವ್‌ವೌಟ್ ಅಂಗಡಿಯಲ್ಲಿ 1857ರಲ್ಲಿ ಜನರಿಗಾಗಿ ಹಾಕಿದ ಮೊದಲ ಲಿಫ್ಟ್ ನಿಮಿಷಕ್ಕೆ 12 ಮೀಟರ್ ಮಾತ್ರ ಏರುತ್ತಿತ್ತು. ಅದಕ್ಕೆ ಹೋಲಿಸಿದರೆ ನಿಮ್ಮದು ಕುದುರೆ.

ಎರಡನೇ ಮಹಡಿಗೆ ಮೆಟ್ಟಿಲೇ ಬೇಗ ಅಲ್ವಾ?

ಹೌದು. ಲಿಫ್ಟ್ ತಿನ್ನುವ ಸಮಯದಲ್ಲಿ ಜಾಸ್ತಿ ಪಾಲು ಕಾಯುವುದಕ್ಕೆ ಮತ್ತು ಬಾಗಿಲಿಗೆ ಹೋಗುತ್ತದೆ.

ಪ್ರಪಂಚದಲ್ಲೇ ಫಾಸ್ಟ್ ಲಿಫ್ಟ್ ಬುರ್ಜ್ ಖಲೀಫಾದ್ದು ತಾನೆ?

ಎಲ್ಲರೂ ಹಾಗೇ ಅಂದುಕೊಂಡಿದ್ದಾರೆ. ದುಬೈಗೆ ಹೋಗಿಬಂದ ನಮ್ಮವರಂತೂ ಬಿಲ್ಕುಲ್ ಒಪ್ಪುವುದಿಲ್ಲ. ಕಟ್ಟಡದ ಎತ್ತರ 828 ಮೀಟರ್, ಅದು ಸರಿ. ಆದರೆ ಅಲ್ಲಿನ ಲಿಫ್ಟಿನ ವೇಗ ಸೆಕೆಂಡಿಗೆ 10 ಮೀಟರ್, ಗಂಟೆಗೆ 36 ಕಿ.ಮೀ. 2004ರಲ್ಲೇ ತೈವಾನಿನ ತೈಪೆ 101 ಕಟ್ಟಡದ ಲಿಫ್ಟ್ ಸೆಕೆಂಡಿಗೆ 16.8 ಮೀಟರ್ ಏರುತ್ತಿತ್ತು. ಐದನೇ ಮಹಡಿಯಿಂದ 89ಕ್ಕೆ 37 ಸೆಕೆಂಡು. ಆಮೇಲೆ ಶಾಂಘೈ ಟವರ್ 20.5 ಮೀಟರ್ ಮುಟ್ಟಿತು. ಚೀನಾದ ಗುವಾಂಗ್‌ಝೌ ನಗರದ ಸಿಟಿಎಫ್ ಕಟ್ಟಡದಲ್ಲಿ ಹಿಟಾಚಿ ಹಾಕಿದ ಲಿಫ್ಟ್ ಸೆಕೆಂಡಿಗೆ 21 ಮೀಟರ್ ಹೋಗಿ 2019ರಲ್ಲಿ ಗಿನ್ನೆಸ್ ದಾಖಲೆಗೆ ಸೇರಿತು. ಅದು ಗಂಟೆಗೆ 75.6 ಕಿ.ಮೀ.

21 ಮೀಟರ್ ಅಂದ್ರೆ ಪೂರ್ತಿ ದಾರಿ ಅದೇ ಸ್ಪೀಡಲ್ಲಿ ಹೋಗುತ್ತಾ?

ಇಲ್ಲ. ಈ ಪಟ್ಟಿಯಲ್ಲಿ ನನಗೆ ತುಂಬ ಇಷ್ಟವಾದ ಪ್ರಶ್ನೆ ಇದು. ಕೇಳಿದ್ದು ಏಳನೇ ತರಗತಿಯ ಹುಡುಗಿ.

ಲಿಫ್ಟಿನೊಳಗೆ ಜನ ನಿಂತಿರುತ್ತಾರೆ, ಸೀಟ್‌ಬೆಲ್ಟ್ ಇಲ್ಲ. ಹಾಗಾಗಿ ವೇಗವನ್ನು ಮೆತ್ತಗೆ ಏರಿಸಬೇಕು. ಪ್ರತಿ ಸೆಕೆಂಡಿಗೆ 1 ಮೀಟರ್‌ನಷ್ಟು ವೇಗ ಕೂಡುತ್ತಾ ಹೋಯಿತು ಎಂದಿಟ್ಟುಕೊಳ್ಳಿ. 21 ಮುಟ್ಟಲು 21 ಸೆಕೆಂಡು ಬೇಕು. ಅಷ್ಟರಲ್ಲಿ ಲಿಫ್ಟ್ 220 ಮೀಟರ್ ಏರಿರುತ್ತದೆ. ನಿಲ್ಲಿಸಲು ಮತ್ತೆ 21 ಸೆಕೆಂಡು, ಮತ್ತೆ 220 ಮೀಟರ್. ಒಟ್ಟು 440 ಮೀಟರ್, 42 ಸೆಕೆಂಡು.

ಈಗ ನಿಜದ ಅಂಕಿ ನೋಡಿ. ಆ ಕಟ್ಟಡದಲ್ಲಿ ಲಿಫ್ಟ್ ಒಂದನೇ ಮಹಡಿಯಿಂದ 95ಕ್ಕೆ ಏರುವುದು ಸುಮಾರು 440 ಮೀಟರ್, ಹಿಡಿಯುವುದು 42 ಸೆಕೆಂಡಿನ ಆಸುಪಾಸು. ಅಂದರೆ ದಾಖಲೆಯ ವೇಗ ನಡುದಾರಿಯಲ್ಲಿ ಒಂದು ಗಳಿಗೆ ಬಂದು ಹೋಗುತ್ತದೆ, ಅಷ್ಟೇ. ಸರಾಸರಿ ತೆಗೆದರೆ ಗಂಟೆಗೆ 38 ಕಿ.ಮೀ. ಕೂಡ ಇಲ್ಲ. ಇದಕ್ಕಿಂತ ಗಿಡ್ಡ ಕಟ್ಟಡದಲ್ಲಿ ಇದೇ ಮೋಟರ್ ಹಾಕಿದರೆ ದಂಡ. ವೇಗ ಏರುವ ಮೊದಲೇ ಬ್ರೇಕ್ ಹಾಕಬೇಕಾಗುತ್ತದೆ.

ಲಿಫ್ಟ್ ಕೆಳಗೆ ಹೊರಟಾಗ ಹೊಟ್ಟೆಯೊಳಗೆ ಜುಮ್ ಅನ್ನುತ್ತೆ. ಸ್ಪೀಡಿನಿಂದಾನಾ?

ಸ್ಪೀಡಿನಿಂದ ಅಲ್ಲ, ಸ್ಪೀಡು ಬದಲಾಗುವುದರಿಂದ. ಹೊರಟ ಮೊದಲ ಒಂದೆರಡು ಸೆಕೆಂಡು ಜುಮ್ ಅನ್ನುತ್ತದೆ, ಆಮೇಲೆ ಅದೇ ಲಿಫ್ಟ್ ಪೂರ್ತಿ ವೇಗದಲ್ಲಿ ಇಳಿಯುತ್ತಿದ್ದರೂ ಏನೂ ಗೊತ್ತಾಗುವುದಿಲ್ಲ, ಅಲ್ವಾ? ತೂಕದ ಯಂತ್ರ ಇಟ್ಟುಕೊಂಡು ಲಿಫ್ಟ್ ಹತ್ತಿ. ನೀವು 60 ಕೆ.ಜಿ. ಇದ್ದರೆ, ಮೇಲಕ್ಕೆ ಹೊರಡುವಾಗ ಅದು 66ರ ಹತ್ತಿರ ತೋರಿಸಬಹುದು, ಕೆಳಕ್ಕೆ ಹೊರಡುವಾಗ 54. ನಡುವೆ ಮತ್ತೆ 60. ರಾಕೆಟ್ ಏರುವಾಗ ಗಗನಯಾತ್ರಿಗಳಿಗೆ ಇದೇ ತೂಕ ಮೂರು ಪಟ್ಟಿನ ಆಸುಪಾಸಿಗೆ ಹೋಗುತ್ತದೆ. ಅದಕ್ಕೇ ಅವರನ್ನು ನಿಲ್ಲಿಸುವುದಿಲ್ಲ, ಬೆನ್ನ ಮೇಲೆ ಮಲಗಿಸುತ್ತಾರೆ.

ತೈಪೆ ಲಿಫ್ಟ್ ಮೇಲೆ ಹೋಗುವಾಗ ಜೋರು, ಕೆಳಗೆ ಬರುವಾಗ ನಿಧಾನ ಅಂತೆ. ಉಲ್ಟಾ ಇರಬೇಕಲ್ವಾ?

ಉಲ್ಟಾ ಅಲ್ಲ, ಕಿವಿಯ ಕಾಟ. ಏರುವಾಗ 16.8 ಮೀಟರ್, ಇಳಿಯುವಾಗ 10 ಮೀಟರ್. 440 ಮೀಟರ್ ಏರಿದರೆ ಗಾಳಿಯ ಒತ್ತಡ ಶೇ. 5ರಷ್ಟು ತಗ್ಗುತ್ತದೆ. ಕಿವಿಯೊಳಗಿನ ಗಾಳಿ ಗಂಟಲಿನ ಕಡೆಗಿರುವ ಸಣ್ಣ ನಾಳದಿಂದ ತಾನಾಗಿಯೇ ಹೊರಗೆ ಬರುತ್ತದೆ. ಇಳಿಯುವಾಗ ಹೊರಗಿನ ಗಾಳಿ ಅದೇ ನಾಳದಿಂದ ಒಳಗೆ ಹೋಗಬೇಕು. ಅದು ಅಷ್ಟು ಸಲೀಸಲ್ಲ, ಎಂಜಲು ನುಂಗಬೇಕು, ಆಕಳಿಸಬೇಕು. ಆಗುಂಬೆ ಘಾಟಿ ಇಳಿಯುವಾಗ ಬಸ್ಸಿನಲ್ಲಿ ಕಿವಿ ಕಟ್ಟಿಕೊಳ್ಳುವುದೂ ಇದೇ. ತೈಪೆಯಲ್ಲಿ ಲಿಫ್ಟಿನ ಒಳಗಿನ ಒತ್ತಡವನ್ನೇ ಹಂತಹಂತವಾಗಿ ಬದಲಿಸುವ ವ್ಯವಸ್ಥೆ ಮಾಡಿದ್ದಾರೆ.

ಹಗ್ಗ ತುಂಡಾದ್ರೆ ಗತಿಯೇನು? ಬೀಳುವಾಗ ಎಗರಿದ್ರೆ ಉಳೀಬಹುದಾ?

ಮೊದಲು ಹಗ್ಗದ ಮಾತು. ಲಿಫ್ಟಿಗೆ ಒಂದೇ ಹಗ್ಗ ಇರುವುದಿಲ್ಲ. ಹಲವು ಉಕ್ಕಿನ ರೋಪ್‌ಗಳಿರುತ್ತವೆ, ಒಂದು ಹೋದರೂ ಉಳಿದವು ಭಾರ ತಡೆಯುತ್ತವೆ. ಎಲ್ಲವೂ ಹೋಯಿತು ಎಂದೇ ಇಟ್ಟುಕೊಳ್ಳಿ. ವೇಗ ಮಿತಿ ಮೀರಿದ ಕೂಡಲೇ ಗವರ್ನರ್ ಎಂಬ ಸಾಧನ ಎಚ್ಚೆತ್ತು, ಲಿಫ್ಟಿನಡಿಯ ದವಡೆಗಳು ಹಳಿಯನ್ನು ಕಚ್ಚಿ ಹಿಡಿಯುವಂತೆ ಮಾಡುತ್ತದೆ. ಬೀಳದೆ ಹಿಡಿಯುವ ಈ ಉಪಾಯವನ್ನು ಎಲಿಷಾ ಓಟಿಸ್ 1854ರಲ್ಲಿ ನ್ಯೂಯಾರ್ಕಿನ ವಸ್ತುಪ್ರದರ್ಶನದಲ್ಲಿ ತೋರಿಸಿದ. ತಾನೇ ಮೇಲೆ ನಿಂತು, ಜನರ ಕಣ್ಣೆದುರೇ ಹಗ್ಗ ಕಡಿಸಿದ. ಗಟ್ಟಿ ಗುಂಡಿಗೆ.

ಇನ್ನೊಂದು ತಮಾಷೆ ಇದೆ. ರೋಪ್‌ಗಳ ಇನ್ನೊಂದು ತುದಿಗೆ ಕೌಂಟರ್‌ವೇಟ್ ಎಂಬ ಸಮತೋಲದ ಭಾರ ನೇತಾಡುತ್ತಿರುತ್ತದೆ. ಅದರ ಭಾರ ಖಾಲಿ ಲಿಫ್ಟಿನ ಭಾರಕ್ಕಿಂತ ಜಾಸ್ತಿ. ಹಾಗಾಗಿ ಒಬ್ಬರೇ ಒಳಗಿದ್ದಾಗ ಬ್ರೇಕ್ ಕೈಕೊಟ್ಟರೆ ಲಿಫ್ಟ್ ಕೆಳಗೆ ಬೀಳುವುದಿಲ್ಲ, ಮೇಲಕ್ಕೆ ಓಡುತ್ತದೆ!

ಎಗರುವ ಉಪಾಯ ಬಿಟ್ಟುಬಿಡಿ. ಹತ್ತು ಮಹಡಿಯಿಂದ ಬಿದ್ದರೆ ವೇಗ ಸೆಕೆಂಡಿಗೆ 24 ಮೀಟರ್ ಆಗುತ್ತದೆ. ನೀವು ಎಷ್ಟೇ ಎಗರಿದರೂ ಎರಡೂವರೆ ಮೂರು ಮೀಟರ್ ಕಳೆಯಬಹುದು. ಜೊತೆಗೆ ಯಾವಾಗ ಎಗರಬೇಕು ಎಂದು ಹೇಳುವವರು ಯಾರು?

ನಿಜವಾಗಿಯೂ ಬಿದ್ದು ಬದುಕಿದವರಿದ್ದಾರೆ. 1945ರ ಜುಲೈ 28ರಂದು ಮಂಜಿನಲ್ಲಿ ದಾರಿ ತಪ್ಪಿದ ಬಿ-25 ವಿಮಾನ ಎಂಪೈರ್ ಸ್ಟೇಟ್ ಕಟ್ಟಡಕ್ಕೆ ಗುದ್ದಿ ಲಿಫ್ಟಿನ ರೋಪ್‌ಗಳನ್ನು ಹಾಳುಮಾಡಿತ್ತು. ಲಿಫ್ಟ್ ನಡೆಸುತ್ತಿದ್ದ ಬೆಟ್ಟಿ ಲೂ ಆಲಿವರ್ 75 ಮಹಡಿಯಷ್ಟು ಕೆಳಗೆ ಬಿದ್ದರು. ತಳದಲ್ಲಿ ಸುರುಳಿಯಾಗಿ ಬಿದ್ದಿದ್ದ ರೋಪ್ ಸ್ಪ್ರಿಂಗಿನಂತೆ ಏಟನ್ನು ತಡೆದಿರಬೇಕು ಎನ್ನುತ್ತಾರೆ. ಅದಕ್ಕೆ ವಿಮಾನವೇ ಬಂದು ಗುದ್ದಬೇಕಾಯಿತು ಎಂಬುದನ್ನು ಮರೆಯಬೇಡಿ. ನಾನು ಎರಡು ಸಲ ಲಿಫ್ಟಿನಲ್ಲಿ ಸಿಕ್ಕಿಕೊಂಡಿದ್ದೇನೆ. ಎರಡೂ ಸಲ ಕರೆಂಟ್ ಹೋಗಿದ್ದು, ಅಷ್ಟೇ.

ತಳದಿಂದ ತುದಿಗೆ ಒಂದೇ ಲಿಫ್ಟ್ ಯಾಕೆ ಹಾಕಲ್ಲ? ಎರಡು ಮೂರು ಸಲ ಬದಲಿಸಬೇಕು.

ಹಗ್ಗಕ್ಕೆ ತನ್ನ ಭಾರವೇ ಹೊರೆ. ಉಕ್ಕಿನ ರೋಪ್ ಹಾಕಿದರೆ ಕಟ್ಟಡಗಳಲ್ಲಿ 500 ಮೀಟರ್ ಹೊತ್ತಿಗೆ ಲೆಕ್ಕ ಕೆಡುತ್ತದೆ. ಮೋಟರು ಜನರಿಗಿಂತ ಹಗ್ಗವನ್ನೇ ಎಳೆಯುತ್ತಾ ಕೂರುತ್ತದೆ. ಫಿನ್ಲೆಂಡಿನ ಕೋನೆ ಕಂಪನಿ 2013ರಲ್ಲಿ ಕಾರ್ಬನ್ ಎಳೆಯ ಹಗುರ ಪಟ್ಟಿಯನ್ನು ತಂದು, ಇದರಿಂದ 1 ಕಿ.ಮೀ. ಏರಬಹುದು ಎಂದಿತು.

ಗಣಿಯಲ್ಲಿ ಲೆಕ್ಕ ಬೇರೆ. ದೊಡ್ಡ ಡ್ರಮ್‌ಗೆ ದಪ್ಪ ರೋಪ್ ಸುತ್ತುವ ವೈಂಡಿಂಗ್ ಎಂಜಿನ್ ಅಲ್ಲಿರುತ್ತದೆ, ರೋಪಿನ ತಪಾಸಣೆಯೂ ಕಟ್ಟುನಿಟ್ಟು. ದಕ್ಷಿಣ ಆಫ್ರಿಕಾದ ಎಂಪೊನೆಂಗ್ ಚಿನ್ನದ ಗಣಿಯ ಕೇಜ್ ಗಂಟೆಗೆ 60 ಕಿ.ಮೀ. ಮೀರಿದ ವೇಗದಲ್ಲಿ ಇಳಿಯುತ್ತದೆ. ನಮ್ಮ ಕೆಜಿಎಫ್‌ನ ಚಾಂಪಿಯನ್ ರೀಫ್ ಗಣಿಯ ಆಳ 3 ಕಿ.ಮೀ.ಗೂ ಜಾಸ್ತಿ. ಕಾರ್ಮಿಕರು ಒಂದು ಶಾಫ್ಟಿನ ಕೇಜ್‌ನಲ್ಲಿ ಇಳಿದು, ಒಳಗೆ ನಡೆದು, ಇನ್ನೊಂದು ಕೇಜ್ ಹತ್ತಿ ಮತ್ತೆ ಇಳಿಯುತ್ತಿದ್ದರು. 2001ರಲ್ಲಿ ಗಣಿ ಮುಚ್ಚಿತು. ಲಿಫ್ಟ್ ಅಂದರೆ ಮೇಲೆ ಹೋಗುವುದು ಎಂದು ನಾವು ಅಂದುಕೊಂಡಿದ್ದೇವೆ. ಕೋಲಾರದ ಆ ಮನೆಗಳಲ್ಲಿ ಅದು ಕೆಳಗೆ ಹೋಗುವುದು.

## ಮೋಡದ ಆಚೆಗೆ

ರಾಕೆಟ್ ಸ್ಪೀಡು ಎಷ್ಟು ಸರ್? ಒಂದೇ ಮಾತಲ್ಲಿ ಹೇಳಿ.

ಒಂದೇ ಮಾತಲ್ಲಿ ಆಗುವುದಿಲ್ಲ. ನೆಲ ಬಿಡುವಾಗ ಸೊನ್ನೆ. ಭೂಮಿಯ ಹತ್ತಿರದ ಕಕ್ಷೆಗೆ ಸೇರಬೇಕಾದರೆ ಸೆಕೆಂಡಿಗೆ 7.8 ಕಿ.ಮೀ. ಹತ್ತಿರ. ಭೂಮಿಯ ಸೆಳೆತವನ್ನೇ ಬಿಟ್ಟು ಹೋಗಬೇಕಾದರೆ 11.2 ಕಿ.ಮೀ. ಗಮನಿಸಿ, ಲಿಫ್ಟಿನದು ಸೆಕೆಂಡಿಗೆ ಮೀಟರು, ಇಲ್ಲಿ ಕಿಲೋಮೀಟರು.

ಅಷ್ಟು ಸ್ಪೀಡ್ ಯಾಕೆ ಬೇಕು? ಲಿಫ್ಟ್ ಥರ ನಿಧಾನವಾಗಿ ಮೇಲೆ ಹೋದ್ರೆ ಆಗಲ್ವಾ?

ಮೇಲೆ ಹೋಗುವುದಷ್ಟೇ ಕೆಲಸವಾಗಿದ್ದರೆ ಆಗುತ್ತಿತ್ತು. 100 ಕಿ.ಮೀ. ದಾಟಿದರೆ ಬಾಹ್ಯಾಕಾಶ ಎಂದು ಸಾಮಾನ್ಯವಾಗಿ ಲೆಕ್ಕ. ಅಲ್ಲಿಯವರೆಗೆ ಕಟ್ಟಡ ಇದ್ದು ಗುವಾಂಗ್‌ಝೌ ಲಿಫ್ಟ್ ಇದ್ದಿದ್ದರೆ ಒಂದು ಗಂಟೆ ಇಪ್ಪತ್ತು ನಿಮಿಷದ ದಾರಿ. ಬೆಂಗಳೂರಿನಿಂದ ತುಮಕೂರಿಗೆ ಹೋದ ಹಾಗೆ.

ಆದರೆ ಅಲ್ಲಿ ಬಾಗಿಲು ತೆಗೆದು ಹೊರಗೆ ಕಾಲಿಟ್ಟರೆ ಸೀದಾ ಕೆಳಗೆ ಬೀಳುತ್ತೀರಿ. ಬಾಹ್ಯಾಕಾಶ ನಿಲ್ದಾಣ ಇರುವ 400 ಕಿ.ಮೀ. ಎತ್ತರದಲ್ಲೂ ಭೂಮಿಯ ಸೆಳೆತ ನೆಲದ ಮೇಲಿನದರ ಶೇ. 90ರಷ್ಟು ಇದೆ. ಬೀಳದೆ ಇರುವ ಉಪಾಯ ಒಂದೇ: ಅಡ್ಡಕ್ಕೆ ಎಷ್ಟು ಜೋರಾಗಿ ಓಡಬೇಕೆಂದರೆ, ನೀವು ಬೀಳುವಷ್ಟರಲ್ಲಿ ನೆಲವೂ ಬಾಗಿ ದೂರ ಸರಿದಿರಬೇಕು. ಕಕ್ಷೆ ಎಂದರೆ ಇದೇ. ರಾಕೆಟ್ಟಿನ ಇಂಧನದಲ್ಲಿ ಬಹುಪಾಲು ಈ ಅಡ್ಡ ಓಟಕ್ಕೆ ಖರ್ಚು, ಎತ್ತರಕ್ಕಲ್ಲ. ಉಡಾವಣೆಯಾದ ಸ್ವಲ್ಪ ಹೊತ್ತಿಗೇ ಅದು ಸಮುದ್ರದ ಕಡೆಗೆ ಬಾಗುವುದನ್ನು ಟೀವಿಯಲ್ಲಿ ನೋಡಿರುತ್ತೀರಿ.

ಸ್ಪೇಸ್ ಸ್ಟೇಷನ್ ಗಂಟೆಗೆ 27,600 ಕಿ.ಮೀ. ಓಡುತ್ತಂತೆ. ಒಳಗಿರೋರಿಗೆ ತಲೆ ತಿರುಗಲ್ವಾ?

ಈಗ ನಿಮಗೆ ತಲೆ ತಿರುಗುತ್ತಿದೆಯಾ? ಭೂಮಿ ಬುಗುರಿಯ ಹಾಗೆ ತಿರುಗುತ್ತಾ ಬೆಂಗಳೂರನ್ನು ಗಂಟೆಗೆ 1,600 ಕಿ.ಮೀ.ಗೂ ಜಾಸ್ತಿ ವೇಗದಲ್ಲಿ ಹೊತ್ತೊಯ್ಯುತ್ತಿದೆ. ಸೂರ್ಯನ ಸುತ್ತ ನಮ್ಮೆಲ್ಲರ ವೇಗ ಸೆಕೆಂಡಿಗೆ ಸುಮಾರು 30 ಕಿ.ಮೀ. ಒಂದೇ ಸಮನಾದ ವೇಗ ಮೈಗೆ ತಿಳಿಯುವುದೇ ಇಲ್ಲ.

ನಿಲ್ದಾಣದ ಲೆಕ್ಕ ಹೀಗಿದೆ: ಬೆಂಗಳೂರು–ಮೈಸೂರು ರಸ್ತೆಯಷ್ಟು ದೂರಕ್ಕೆ 19 ಸೆಕೆಂಡು, ಭೂಮಿಗೆ ಒಂದು ಸುತ್ತು ಹಾಕಲು ಒಂದೂವರೆ ಗಂಟೆ. 2025ರಲ್ಲಿ ಶುಭಾಂಶು ಶುಕ್ಲಾ ಅಲ್ಲಿಗೆ ಹೋದಾಗ ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಪ್ರಯೋಗಕ್ಕಾಗಿ ಹೆಸರುಕಾಳು, ಮೆಂತ್ಯ ಒಯ್ದಿದ್ದರು. ಆ ವೇಗದಲ್ಲಿ ಸುತ್ತುತ್ತಲೇ ಕಾಳು ಮೊಳಕೆ ಒಡೆಯಿತು.

ಅಷ್ಟು ಜೋರಾಗಿ ಓಡೋ ಎರಡು ನೌಕೆಗಳನ್ನು ಹೇಗೆ ಜೋಡಿಸ್ತಾರೆ? ಡಿಕ್ಕಿ ಆಗಲ್ವಾ?

ಹೆದ್ದಾರಿಯಲ್ಲಿ ಎರಡು ಬಸ್ಸು ಅಕ್ಕಪಕ್ಕ ಒಂದೇ ವೇಗದಲ್ಲಿ ಹೋಗುತ್ತಿದ್ದರೆ ಕಿಟಕಿಯಿಂದ ಕಿಟಕಿಗೆ ಕೈ ಚಾಚಬಹುದು (ದಯವಿಟ್ಟು ಮಾಡಬೇಡಿ). ಇಸ್ರೋದ ಸ್ಪೇಡೆಕ್ಸ್ ಎಂಬ ಜೋಡಣೆಯ ಪ್ರಯೋಗದಲ್ಲಿ ತಲಾ 220 ಕೆ.ಜಿ. ತೂಕದ ಎರಡು ಉಪಗ್ರಹಗಳು ಗಂಟೆಗೆ 27,000 ಕಿ.ಮೀ.ಗೂ ಮೀರಿ ಓಡುತ್ತಿದ್ದವು. 2025ರ ಜನವರಿ 16ರಂದು ಅವು ಕೂಡಿಕೊಂಡಾಗ ಒಂದರ ಕಡೆಗೆ ಇನ್ನೊಂದು ಬಂದ ವೇಗ ಸೆಕೆಂಡಿಗೆ 1 ಸೆಂಟಿಮೀಟರಿನ ಆಸುಪಾಸು. ಲಿಫ್ಟಿನ ಬಾಗಿಲು ಇದಕ್ಕಿಂತ ಎಷ್ಟೋ ಜೋರಾಗಿ ಮುಚ್ಚುತ್ತದೆ.

ಅಪೊಲೊ ನಾಲ್ಕೇ ದಿನದಲ್ಲಿ ಚಂದ್ರನಿಗೆ ಹೋಯ್ತು. ಚಂದ್ರಯಾನಕ್ಕೆ 40 ದಿನ. ನಮ್ಮದು ಸ್ಲೋನಾ?

2023ರ ಆಗಸ್ಟಿನಲ್ಲಿ ಈ ಪ್ರಶ್ನೆ ಕೇಳದ ಮನುಷ್ಯನೇ ಇರಲಿಲ್ಲ. ಚಂದ್ರಯಾನ-3 ಹೊರಟಿದ್ದು ಜುಲೈ 14ಕ್ಕೆ, ಇಳಿದದ್ದು ಆಗಸ್ಟ್ 23ಕ್ಕೆ. ಆದರೆ ಭೂಮಿ ಬಿಟ್ಟು ಚಂದ್ರನ ಕಡೆ ನಿಜವಾಗಿ ಹೊರಟಿದ್ದು ಆಗಸ್ಟ್ 1ರಂದು. ಚಂದ್ರನ ಕಕ್ಷೆ ಸೇರಿದ್ದು ಆಗಸ್ಟ್ 5ರಂದು. ನಡುದಾರಿಯಲ್ಲಿ ನಮ್ಮದು ಸ್ಲೋ ಅಲ್ಲ. ಉಳಿದ ದಿನಗಳು ಅತ್ತ ಇತ್ತ ಸುತ್ತು ಹಾಕಿದ್ದಕ್ಕೆ ಹೋದವು.

ಸುತ್ತು ಯಾಕೆ? ಅಪೊಲೊ ಹೊತ್ತ ಸ್ಯಾಟರ್ನ್-5 ರಾಕೆಟ್ಟಿನ ತೂಕ ಸುಮಾರು 2,900 ಟನ್. ನಮ್ಮ ಎಲ್‌ವಿಎಂ3 ತೂಕ 640 ಟನ್. ಅದು ಒಂದೇ ಏಟಿಗೆ ಚಂದ್ರನವರೆಗೆ ತಳ್ಳಲಾರದು. ಹಾಗಾಗಿ 170 ಕಿ.ಮೀ. ಹತ್ತಿರ, 36,500 ಕಿ.ಮೀ. ದೂರದ ಮೊಟ್ಟೆಯಾಕಾರದ ಕಕ್ಷೆಯಲ್ಲಿ ಬಿಟ್ಟಿತು. ಆ ಕಕ್ಷೆಯಲ್ಲಿ ಭೂಮಿಯ ಹತ್ತಿರ ಬಂದಾಗ ವೇಗ ಸೆಕೆಂಡಿಗೆ 10 ಕಿ.ಮೀ. ದಾಟುತ್ತದೆ, ದೂರದ ತುದಿಯಲ್ಲಿ ಒಂದೂವರೆಗೆ ಇಳಿಯುತ್ತದೆ. ಜೋರಾಗಿ ಓಡುವ ಗಳಿಗೆಯಲ್ಲೇ ಎಂಜಿನ್ ಉರಿಸಿದರೆ ಅಷ್ಟೇ ಇಂಧನಕ್ಕೆ ಲಾಭ ಜಾಸ್ತಿ. ಜೋಕಾಲಿ ತೂಗುವವರಿಗೆ ಇದು ಗೊತ್ತು, ಸರಿಯಾದ ಹೊತ್ತಿಗೆ ತಳ್ಳಿದರೆ ಸಣ್ಣ ತಳ್ಳಿಗೂ ಜೋಕಾಲಿ ಏರುತ್ತದೆ. ಹಾಗೆ ಐದು ಸಲ ತಳ್ಳಿ ಕಕ್ಷೆ ಹಿಗ್ಗಿಸಿದರು. ಸಮಯ ಕೊಟ್ಟು ಇಂಧನ ಉಳಿಸಿದ್ದು. ಒಳಗೆ ಊಟ ಕೇಳುವ ಮನುಷ್ಯರಿರಲಿಲ್ಲವಲ್ಲ, ಅವಸರವೇನು?

ಇಳಿಯುವಾಗ ವಿಕ್ರಮ್ ಎಷ್ಟು ಸ್ಪೀಡಲ್ಲಿತ್ತು?

ಚಂದ್ರಯಾನ-3ರ ಲ್ಯಾಂಡರ್ ವಿಕ್ರಮ್ ಇಳಿಯಲು ಶುರುಮಾಡಿದಾಗ 30 ಕಿ.ಮೀ. ಎತ್ತರದಲ್ಲಿ, ಸೆಕೆಂಡಿಗೆ 1.68 ಕಿ.ಮೀ. ಅಂದರೆ ಗಂಟೆಗೆ 6,000 ಕಿ.ಮೀ. ನೆಲ ಮುಟ್ಟುವಾಗ ಸೆಕೆಂಡಿಗೆ 2 ಮೀಟರ್ ಅಥವಾ ಅದಕ್ಕಿಂತ ಕಡಿಮೆ. ಹದಿನೈದು ಮಹಡಿ ಕಟ್ಟಡದ ಲಿಫ್ಟಿನ ವೇಗ ಎಂದು ಮೇಲೆ ಹೇಳಿದೆನಲ್ಲ, ಹೆಚ್ಚುಕಡಿಮೆ ಅದೇ. ಚಂದ್ರನಲ್ಲಿ ಗಾಳಿಯಿಲ್ಲ, ಪ್ಯಾರಾಚೂಟ್ ಕೆಲಸಕ್ಕೆ ಬಾರದು. ಅಷ್ಟೂ ವೇಗವನ್ನು ಎಂಜಿನ್ ಉರಿಸಿಯೇ ಕರಗಿಸಬೇಕು, ಅದೂ ಇಪ್ಪತ್ತು ನಿಮಿಷದೊಳಗೆ. 2019ರ ಸೆಪ್ಟೆಂಬರಿನಲ್ಲಿ ಚಂದ್ರಯಾನ-2ರ ವಿಕ್ರಮ್ ಎಡವಿದ್ದು ವೇಗ ತಗ್ಗಿಸುವ ಈ ಹಂತದಲ್ಲೇ. ಎರಡೂ ಸಲ ಬೆಂಗಳೂರಿನ ಪೀಣ್ಯದಲ್ಲಿರುವ ಇಸ್ರೋದ ನಿಯಂತ್ರಣ ಕೇಂದ್ರ ಇಸ್ಟ್ರ್ಯಾಕ್‌ನಲ್ಲಿ ಎಲ್ಲರ ಕಣ್ಣು ಪರದೆಯ ಮೇಲಿನ ಇಳಿಯುವ ಅಂಕಿಗಳ ಮೇಲೇ ಇತ್ತು.

ಭೂಮಿಗೆ ವಾಪಸ್ ಬರುವಾಗ ಬ್ರೇಕ್ ಎಲ್ಲಿದೆ?

ಗಾಳಿಯೇ ಬ್ರೇಕು. ನೌಕೆ ಅಡಿಭಾಗವನ್ನು ಮುಂದೊಡ್ಡಿ ವಾತಾವರಣಕ್ಕೆ ನುಗ್ಗುತ್ತದೆ, ಎದುರಿನ ಗಾಳಿ ಅಮುಕಿ ಕಾದು ಕೆಂಪಾಗುತ್ತದೆ, ವೇಗವೆಲ್ಲ ಶಾಖವಾಗಿ ಹೋಗುತ್ತದೆ. ಕೊನೆಗೆ ಪ್ಯಾರಾಚೂಟ್. 2025ರ ಜುಲೈ 15ರಂದು ಶುಕ್ಲಾ ಅವರಿದ್ದ ಡ್ರ್ಯಾಗನ್ ಸಮುದ್ರಕ್ಕೆ ಇಳಿದದ್ದು ಹೀಗೆಯೇ. ನೀರು ಮುಟ್ಟುವಾಗ ಇಂಥ ನೌಕೆಯ ವೇಗ ಗಂಟೆಗೆ 25 ಕಿ.ಮೀ. ಆಸುಪಾಸು.

## ತಲೆ ಕೆರೆದುಕೊಳ್ಳುವ ಪ್ರಶ್ನೆಗಳು

ಇದುವರೆಗೆ ಅತಿ ವೇಗವಾಗಿ ಹೋದ ನೌಕೆ ಯಾವುದು?

ನಾಸಾದ ಪಾರ್ಕರ್ ಸೋಲಾರ್ ಪ್ರೋಬ್. 2024ರ ಡಿಸೆಂಬರ್ 24ರಂದು ಸೂರ್ಯನ ಮೇಲ್ಮೈಯಿಂದ 61 ಲಕ್ಷ ಕಿ.ಮೀ. ದೂರದಲ್ಲಿ ಹಾದುಹೋಗುವಾಗ ಗಂಟೆಗೆ ಸುಮಾರು 6.92 ಲಕ್ಷ ಕಿ.ಮೀ. ಮುಟ್ಟಿತು. ಸೆಕೆಂಡಿಗೆ 192 ಕಿ.ಮೀ. ಮನುಷ್ಯರನ್ನು ಹೊತ್ತ ನೌಕೆಗಳ ಪೈಕಿ 1969ರ ಅಪೊಲೊ 10 ವಾಪಸ್ ಬರುವಾಗ ಗಂಟೆಗೆ 39,897 ಕಿ.ಮೀ. ಹೋಗಿತ್ತು.

ಪಾರ್ಕರ್‌ಗೆ ಆ ವೇಗ ಕೊಟ್ಟಿದ್ದು ಅದರ ಎಂಜಿನ್ ಅಲ್ಲ, ಸೂರ್ಯ. ಅದು ಸೂರ್ಯನ ಕಡೆಗೆ ಬೀಳುತ್ತಿದೆ. ಬೀಳುವುದು ಸುಲಭ ಅನ್ನಿಸುತ್ತದೆ, ಅಲ್ವಾ? ಅಲ್ಲ. ಭೂಮಿಯಿಂದ ಹೊರಟ ಯಾವುದೇ ನೌಕೆಗೆ ಭೂಮಿಯ 30 ಕಿ.ಮೀ. ಅಡ್ಡ ವೇಗ ಅಂಟಿಕೊಂಡಿರುತ್ತದೆ. ಅದನ್ನು ಕಳೆದುಕೊಳ್ಳದೆ ಸೂರ್ಯನ ಹತ್ತಿರ ಹೋಗಲಾಗದು. ಪಾರ್ಕರ್ ಏಳು ಸಲ ಶುಕ್ರನ ಪಕ್ಕ ಹಾದು ಸ್ವಲ್ಪ ಸ್ವಲ್ಪವೇ ವೇಗ ಕಳೆದುಕೊಂಡಿತು. ಅತಿ ವೇಗದ ದಾಖಲೆ ಬರೆಯಲು ಅದು ಮೊದಲು ಬ್ರೇಕ್ ಹಾಕಬೇಕಾಯಿತು!

ವಾಯೇಜರ್ 1977ರಿಂದ ಓಡ್ತಾನೇ ಇದೆ. ಪೆಟ್ರೋಲ್ ಎಲ್ಲಿಂದ ಬರುತ್ತೆ?

ಓಡಲು ಪೆಟ್ರೋಲ್ ಬೇಡ. ತಡೆಯುವ ಗಾಳಿ ಅಲ್ಲಿಲ್ಲ, ರಸ್ತೆಯ ಉಜ್ಜಾಟವೂ ಇಲ್ಲ. ನಾಸಾದ ವಾಯೇಜರ್-1 ನೌಕೆ ಸೆಕೆಂಡಿಗೆ 17 ಕಿ.ಮೀ. ಸಾಗುತ್ತಿದೆ. ಆ ವೇಗದ ದೊಡ್ಡ ಪಾಲು 1979ರಲ್ಲಿ ಗುರು, 1980ರಲ್ಲಿ ಶನಿ ಕೊಟ್ಟಿದ್ದು. ಎದುರಿಗೆ ಬರುವ ಲಾರಿಗೆ ಚೆಂಡು ಎಸೆದರೆ ಅದು ನೀವೆಸೆದದ್ದಕ್ಕಿಂತ ಜೋರಾಗಿ ಪುಟಿದು ಬರುತ್ತದೆ. ಲಾರಿಯ ಜಾಗದಲ್ಲಿ ಗ್ರಹ, ಗುದ್ದುವ ಬದಲು ಸೆಳೆತ. ಗುರುವಿನ ವೇಗ ಕೂದಲೆಳೆಯ ಕೂದಲೆಳೆಯಷ್ಟು ತಗ್ಗಿರುತ್ತದೆ, ಅದಕ್ಕೆ ಅದು ಲೆಕ್ಕವೇ ಅಲ್ಲ.

ಅಲ್ಲಿ ಮೈಲಿಗಲ್ಲು ಇಲ್ಲ. ಸ್ಪೀಡು ಅಳೆಯೋದು ಹೇಗೆ?

ರೈಲು ದೂರ ಹೋಗುವಾಗ ಸೀಟಿಯ ಸ್ವರ ಇಳಿದಂತೆ ಕೇಳುತ್ತದಲ್ಲ, ನೌಕೆಯ ರೇಡಿಯೊ ಅಲೆಯ ಕಂಪನವೂ ಹಾಗೆಯೇ ಬದಲಾಗುತ್ತದೆ. ಬೆಂಗಳೂರಿನ ಹತ್ತಿರ ಬ್ಯಾಲಾಳುವಿನಲ್ಲಿರುವ 32 ಮೀಟರ್ ಅಗಲದ ಆಂಟೆನಾದಂಥವು ಆ ಬದಲಾವಣೆಯನ್ನು ಹಿಡಿಯುತ್ತವೆ. ಅದರಿಂದ ವೇಗ ತಿಳಿಯುತ್ತದೆ. ಯಾರಿಗೆ ಹೋಲಿಸಿದ ವೇಗ ಎನ್ನುವುದನ್ನು ಮಾತ್ರ ಹೇಳಲೇಬೇಕು. ವಾಯೇಜರಿನ 17 ಕಿ.ಮೀ. ಸೂರ್ಯನಿಗೆ ಹೋಲಿಸಿದ್ದು, ಬಾಹ್ಯಾಕಾಶ ನಿಲ್ದಾಣದ್ದು ಭೂಮಿಗೆ ಹೋಲಿಸಿದ್ದು. ಪತ್ರಿಕೆಗಳು ಇವೆರಡನ್ನೂ ಒಂದೇ ಪಟ್ಟಿಯಲ್ಲಿ ಹಾಕಿದಾಗ ನನಗೆ ಸಣ್ಣ ಸಂಕಟ. ಮೇಲೆ ನಾನೂ ಅದನ್ನೇ ಮಾಡಿದ್ದೇನೆ ಅನ್ನಿ.

ಭೂಮಿಯಿಂದ ಆಕಾಶಕ್ಕೆ ಲಿಫ್ಟ್ ಹಾಕ್ತಾರಂತೆ, ನಿಜಾನಾ?

ಯೋಚನೆ ಹಳೆಯದು. ರಷ್ಯಾದ ತ್ಸಿಯೊಲ್ಕೊವ್‌ಸ್ಕಿ 1895ರಲ್ಲೇ ಆಕಾಶ ಮುಟ್ಟುವ ಗೋಪುರದ ಕಲ್ಪನೆ ಮಾಡಿದ್ದ. 1960ರಲ್ಲಿ ಯೂರಿ ಆರ್ತ್ಸುತಾನೊವ್, ಕೆಳಗಿನಿಂದ ಕಟ್ಟುವ ಬದಲು ಮೇಲಿನಿಂದ ಹಗ್ಗ ಇಳಿಬಿಡೋಣ ಎಂದ. ಭೂಮಧ್ಯರೇಖೆಯ ಮೇಲೆ 35,786 ಕಿ.ಮೀ. ಎತ್ತರದ ಉಪಗ್ರಹ ಭೂಮಿಯ ಜೊತೆಗೇ ತಿರುಗುತ್ತದೆ, ಹಾಗಾಗಿ ನಿಂತಲ್ಲೇ ನಿಂತ ಹಾಗೆ ಕಾಣುತ್ತದೆ. ಅಲ್ಲಿಂದ ಕೆಳಕ್ಕೊಂದು, ಸಮತೋಲಕ್ಕೆ ಆಚೆಗೊಂದು ಹಗ್ಗ. ಜಪಾನಿನ ಒಬಯಾಶಿ ಕಂಪನಿ 2012ರಲ್ಲಿ ಮುಂದಿಟ್ಟ ಯೋಜನೆಯಲ್ಲಿ ಹಗ್ಗದ ಉದ್ದ 96,000 ಕಿ.ಮೀ., ಲಿಫ್ಟಿನ ವೇಗ ಗಂಟೆಗೆ 200 ಕಿ.ಮೀ. ಉಪಗ್ರಹದ ಆ ಎತ್ತರದಲ್ಲಿರುವ ನಿಲ್ದಾಣ ತಲುಪಲು ಏಳೂವರೆ ದಿನ.

ಇದರ ಚಂದ ಏನೆಂದರೆ, ಅಡ್ಡ ಓಟಕ್ಕೆ ರಾಕೆಟ್ ಬೇಕಿಲ್ಲ. ಏರುತ್ತಾ ಹೋದಂತೆ ಹಗ್ಗವೇ ನಿಮ್ಮನ್ನು ಅಡ್ಡಕ್ಕೆ ತಳ್ಳುತ್ತದೆ. ಆ ನಿಲ್ದಾಣದಲ್ಲಿ ಇಳಿದರೆ ಸೆಕೆಂಡಿಗೆ 3 ಕಿ.ಮೀ. ವೇಗ ಪುಕ್ಕಟೆ ಸಿಕ್ಕಿರುತ್ತದೆ, ಬೀಳದೆ ತೇಲುತ್ತೀರಿ. ಆದರೆ ತನ್ನ ಭಾರವನ್ನೇ ತಾನು ತಾಳುವ ಅಷ್ಟು ಉದ್ದದ ಹಗ್ಗವನ್ನು ಯಾರೂ ಮಾಡಿಲ್ಲ. ಕಾರ್ಬನ್ ನ್ಯಾನೊಟ್ಯೂಬ್‌ಗೆ ಆ ಬಲವಿದೆ, ಉದ್ದ ಮಾತ್ರ ಬರುತ್ತಿಲ್ಲ.

ಹೀಗೇ ಸ್ಪೀಡ್ ಜಾಸ್ತಿ ಮಾಡ್ತಾ ಹೋದ್ರೆ ನಕ್ಷತ್ರಕ್ಕೆ ಹೋಗಬಹುದಾ?

ಸೂರ್ಯನನ್ನು ಬಿಟ್ಟರೆ ಹತ್ತಿರದ ನಕ್ಷತ್ರ ಪ್ರಾಕ್ಸಿಮಾ, 4.24 ಬೆಳಕಿನ ವರ್ಷ ದೂರ. ವಾಯೇಜರಿನ ವೇಗಕ್ಕೆ 75,000 ವರ್ಷ. ಪಾರ್ಕರಿನ ಗರಿಷ್ಠ ವೇಗ ಪೂರ್ತಿ ದಾರಿ ಸಿಕ್ಕಿದರೂ 6,600 ವರ್ಷ.

ಇಲ್ಲಿ ಮತ್ತೆ ನಮ್ಮ ಲಿಫ್ಟನ್ನು ಕರೆಯುತ್ತೇನೆ. ಹೊರಡುವಾಗ ಅದು ಕೊಡುವ ಮೆತ್ತನೆಯ ತಳ್ಳು, ಅಂದರೆ ಸೆಕೆಂಡಿಗೆ 1 ಮೀಟರ್‌ನಂತೆ ಏರುವ ವೇಗ, ಅಷ್ಟನ್ನೇ ಎಡೆಬಿಡದೆ ಕೊಡಬಲ್ಲ ನೌಕೆ ಇದ್ದರೆ ಎರಡು ದಿನ ಐದು ಗಂಟೆಯಲ್ಲಿ ಪಾರ್ಕರಿನ ದಾಖಲೆ ಮುರಿಯುತ್ತದೆ. ಒಳಗಿರುವ ಅಜ್ಜಿಯ ಕೈಯ ಕಾಫಿ ಲೋಟ ತುಳುಕುವುದೂ ಇಲ್ಲ. ಕಷ್ಟ ಇರುವುದು ಇಂಧನದಲ್ಲಿ. ಲಿಫ್ಟಿಗೆ ಹೊರಗಿನಿಂದ ಕರೆಂಟ್ ಬರುತ್ತದೆ, ರಾಕೆಟ್ ತನ್ನ ಇಂಧನವನ್ನು ತಾನೇ ಹೊರಬೇಕು. 640 ಟನ್ನಿನ ಎಲ್‌ವಿಎಂ3, 4 ಟನ್ನಿನ ಚಂದ್ರಯಾನವನ್ನು ಭೂಮಿಯ ಕಕ್ಷೆಗೆ ಬಿಟ್ಟು ಖಾಲಿಯಾಗಲು ಹಿಡಿದದ್ದು 16 ನಿಮಿಷ.